ಡ್ರಮ್ಮಿನ ತಳದ ನೀರು

ಮೆಹಕರದ ಸುಂದರಬಾಯಿ ಕುರಿಗಳನ್ನು ಅದ್ದಿ ಉಳಿದ ಔಷಧದ ನೀರನ್ನು ತನ್ನ ನಾಯಿಯ ಮೈಮೇಲೆ ಸುರಿದಳು. ನಾಯಿಯ ಹೆಸರು ಸುರ್ಮಿ. ಮೂರನೆಯ ದಿನ ಬೆಳಿಗ್ಗೆ ಅದು ಸತ್ತಿತು.

ಸುರಿ ಎಂದು ಹೇಳಿದವನು ಗಂಡ ಹಣಮಂತಪ್ಪ. ಅವನಿಗೆ ಅದನ್ನು ಕಲಿಸಿದವನು ಅವನ ಅಪ್ಪ. ಭಾಲ್ಕಿ ತಾಲ್ಲೂಕಿನ ಗಡಿಯ ಆ ಊರಲ್ಲಿ ಕುರಿ ಸಾಕಿದವರು ವರ್ಷಕ್ಕೆರಡು ಸಲ ಕುರಿಯ ತುಪ್ಪಟ ಕತ್ತರಿಸುತ್ತಾರೆ. ಕತ್ತರಿ ತಾಕಿದ ಗಾಯ ಒಣಗಲೆಂದು ಹತ್ತು ದಿನ ಬಿಡುತ್ತಾರೆ. ಆಮೇಲೆ ದೊಡ್ಡ ಡ್ರಮ್ಮಿನಲ್ಲಿ ಉಣ್ಣಿ ಸಾಯುವ ಔಷಧ ಕಲಸಿ ಒಂದೊಂದೇ ಕುರಿಯನ್ನು ಅದ್ದಿ ತೆಗೆಯುತ್ತಾರೆ. ಹಣಮಂತಪ್ಪನ ಮನೆಯಲ್ಲಿ ಇದಕ್ಕೆ ಇನ್ನೊಂದು ರೂಢಿ ಸೇರಿತ್ತು. ಕುರಿ ಕತ್ತರಿಸುವ ದಿನ ಅದೇ ಕತ್ತರಿಯಿಂದ ನಾಯಿಯ ಕೂದಲನ್ನೂ ಕತ್ತರಿಸುವುದು, ಅದ್ದುವ ದಿನ ಡ್ರಮ್ಮಿನ ತಳದಲ್ಲಿ ಉಳಿದ ನೀರನ್ನು ನಾಯಿಗೆ ಹಾಕುವುದು. ಬಾಟಲಿಯಲ್ಲಿ ಗುಟುಕು ಔಷಧ ಉಳಿದಿದ್ದರೆ ಅದನ್ನೂ ಆ ನೀರಿಗೇ ಸುರಿದುಬಿಡುವುದು, ದಂಡವಾಗಬಾರದಲ್ಲ. ಹಿಂದಿನ ನಾಯಿಗಳು ತಾಳಿಕೊಂಡವು ಎಂದು ಮನೆಯವರು ಹೇಳುತ್ತಿದ್ದರು. ನಿಜವಾಗಿ ತಾಳಿಕೊಂಡವೋ, ಅವುಗಳ ಸಂಕಟವನ್ನು ಯಾರೂ ನೋಡಲಿಲ್ಲವೋ, ಆ ಪ್ರಶ್ನೆ ಏಳಲೇ ಇಲ್ಲ.

ಸುರ್ಮಿ ಬಿಳಿ ಹೆಣ್ಣುನಾಯಿ. ಕಣ್ಣಿನ ಸುತ್ತ ಮಾತ್ರ ಕಪ್ಪು, ಸುರ್ಮಾ ತೀಡಿದ ಹಾಗೆ. ತೋಳ ಬಂದರೆ ಹಿಂಡನ್ನು ಸುತ್ತುಗಟ್ಟಿ ನಿಲ್ಲುವ ನಾಯಿ ಮನೆಯಲ್ಲಿ ಮಾತ್ರ ಸುಂದರಬಾಯಿಯ ಸೀರೆ ಸೆರಗಿಗೆ ಮೂಗು ಒರೆಸಿಕೊಂಡು ಮಲಗುತ್ತಿತ್ತು. ಕೂದಲ ಕೆಳಗಿನ ಚರ್ಮ ತೆಳ್ಳಗೆ, ಗುಲಾಬಿ ಬಣ್ಣ. ಮೇ ತಿಂಗಳಲ್ಲಿ ಕೂದಲು ಕತ್ತರಿಸಿದ ಮೇಲೆ ಆ ಚರ್ಮ ಹತ್ತು ದಿನ ಬಿಸಿಲಿಗೆ ಬೆಂದು ಕೆಂಪಾಗಿತ್ತು. ಸುಂದರಬಾಯಿ ಅದನ್ನು ನೋಡಿದ್ದಳು. ನೋಡಿ ಸುಮ್ಮನಿದ್ದಳು.

ಔಷಧದ ವಾಸನೆಗೆ ಸುರ್ಮಿ ದೂರ ಸರಿಯಿತು. ಹಣಮಂತಪ್ಪ ಹಿಡಿಯಹೋದರೆ ಬೇಲಿ ಹಾರಿತು. ಆಗ ಅವನು ಬಕೆಟ್ ಹೆಂಡತಿಯ ಕೈಗೆ ಕೊಟ್ಟ.

"ನೀನೇ ಹಾಕ. ನಿನ್ನ ಕೈಗಿ ಆದ್ರ ಸುಮ್ಮ ನಿಂದರ್ತದ."

ಅವಳು ಕರೆದಳು. ಸುರ್ಮಿ ಬಂತು. ಮೊದಲ ಬಕೆಟ್ ಬಿದ್ದಾಗ ಮೈ ನಡುಗಿತು, ಆದರೂ ಕದಲಲಿಲ್ಲ. ತಲೆ ಎತ್ತಿ ಒಮ್ಮೆ ಅವಳ ಮುಖ ನೋಡಿತು. ಅವಳು ಎರಡನೆಯ ಬಕೆಟ್ ಸುರಿದಳು.

ಬಿಸಿಲಿಗೆ ಕೂತು ಸುರ್ಮಿ ಮೈಯೆಲ್ಲ ನೆಕ್ಕಿಕೊಂಡಿತು. ಸಂಜೆಯ ಹೊತ್ತಿಗೆ ಬಾಯಲ್ಲಿ ಜೊಲ್ಲು, ಕಾಲಲ್ಲಿ ಅದುರು. ಮರುದಿನ ಹೊಟ್ಟೆಯ ಚರ್ಮ ಸುಲಿದು ನೀರಾಡಿತು. ಅತ್ತೆ ಸುಭದ್ರಾಬಾಯಿ ಅರಿಶಿನ ಹಚ್ಚಿ, ಯಾರದೋ ದೃಷ್ಟಿ ತಾಗಿದೆ ಎಂದಳು. ಪಶು ಆಸ್ಪತ್ರೆಯಿದ್ದ ಭಾಲ್ಕಿಗೆ ಹೋಗುವ ಬೆಳಗಿನ ಬಸ್ಸು ಮನೆಯ ಮುಂದೆಯೇ ಹಾದುಹೋಯಿತು. ನಾಯಿಗಾಗಿ ಬಸ್ಸು ಹತ್ತಿದ ಹೆಣ್ಣು ಆ ಮನೆಯಲ್ಲಿ ಇರಲಿಲ್ಲ. ಸುಂದರಬಾಯಿ ಬಸ್ಸಿನ ಧೂಳು ಇಳಿಯುವವರೆಗೂ ಬಾಗಿಲಲ್ಲಿ ನಿಂತಿದ್ದು ಒಳಗೆ ಹೋದಳು. ಆ ಧೂಳು ಮುಂದೆ ಎಷ್ಟೋ ದಿನ ಅವಳ ಕಣ್ಣ ಮುಂದೆ ಏಳುತ್ತಿತ್ತು.

ಸುರ್ಮಿ ಬಿಟ್ಟುಹೋದದ್ದು ಒಂದೇ ಮರಿ. ಮೂರು ತಿಂಗಳದ್ದು, ತಾಯಿ ಹಾಲು ಬಿಟ್ಟು ಆಗಲೇ ತಿಂಗಳಾಗಿತ್ತು, ಅದಕ್ಕೇ ಉಳಿಯಿತು. ಹುರಿದ ಜೋಳದ ಅರಳಿನ, ಅಲ್ಲಿಯವರ ಮಾತಲ್ಲಿ ಅಳ್ಳಿನ, ಹಾಗೆ ಬೆಳ್ಳಗೆ ಪುಟ್ಟಗೆ ಇದ್ದದ್ದರಿಂದ ಅಳ್ಳಿ ಎಂದು ಹೆಸರಿಟ್ಟಿದ್ದರು.

ಮಳೆ ಹಿಡಿದ ಮೇಲೆ ಕುರಿಗಳಿಗೆ ಲಸಿಕೆ ಹಾಕಲು ಕ್ಯಾರೊಲಿನ ಬಂದಳು. ಬೀದರಿನ ನೌಬಾದದವಳು, ಪಶು ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರ್. ತಾನು ಡಾಕ್ಟರಲ್ಲ ಎಂದು ಎಷ್ಟು ಸಲ ಹೇಳಿದರೂ ಊರವರು ಡಾಕ್ಟರ್ ಬಾಯಿ ಎಂದೇ ಕರೆಯುತ್ತಿದ್ದರು. ಹಿಂಡು ಮುಗಿಸಿ ಕೈ ತೊಳೆಯುತ್ತ ಅವಳು ಸುತ್ತ ನೋಡಿದಳು.

"ಸುರ್ಮಿ ಎಲ್ಲಿ? ನನ್ನ ಗಾಡಿ ಸಪ್ಪಳ ಕೇಳಿದ್ರ ಊರ ಬಾಗಲಿಗೇ ಬಂದು ಬೈತಿತ್ತು."

"ಹೋಯ್ತ್ರಿ."

"ಎಲ್ಲಿಗಿ ಹೋಯ್ತು?"

"ನಾನೇ ಕೊಂದೀನ್ರಿ," ಎಂದಳು ಸುಂದರಬಾಯಿ. ಎರಡು ತಿಂಗಳಿಂದ ಯಾರ ಮುಂದೆಯೂ ಆಡದ ಮಾತು ಅದು.

ಕ್ಯಾರೊಲಿನ ಬೈಯಲಿಲ್ಲ. ಬಾಟಲಿ ತರಲು ಹೇಳಿದಳು. ಖಾಲಿ ಬಾಟಲಿ ಅಟ್ಟದ ಮೇಲಿತ್ತು, ಅದರ ಡಬ್ಬಿಯೊಳಗೆ ಮಡಿಚಿದ ಕಾಗದ ಮಡಿಚಿದ ಹಾಗೇ ಇತ್ತು. ಸುಂದರಬಾಯಿ ಏಳನೆಯ ಇಯತ್ತೆಯವರೆಗೆ ಓದಿದವಳು, ಓದಬಲ್ಲಳು. ಆದರೆ ಆ ಕಾಗದದಲ್ಲಿ ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ಮೆಹಕರದ ಬಯಲಲ್ಲಿ ಕುರಿ ಕಾಯುವವರು ಇಂಗ್ಲಿಷ್ ಓದಿಕೊಂಡೇ ಬಾಟಲಿ ತೆರೆಯುತ್ತಾರೆಂದು ಅದನ್ನು ಅಚ್ಚು ಹಾಕಿಸಿದವರು ನಂಬಿದ್ದಿರಬೇಕು. ಕ್ಯಾರೊಲಿನ ಬೆರಳಿಟ್ಟು ಒಂದು ಸಾಲು ಓದಿ ಹೇಳಿದಳು. ಕುರಿ ಮೇಕೆಗಳಿಗೆ ಮಾತ್ರ. ಬೇರೆ ಪ್ರಾಣಿಗೆ ಬಳಸಬಾರದು.

ಆಮೇಲೆ ಅವಳು ನಿಧಾನವಾಗಿ ತಿಳಿಸಿದಳು. ನಾಯಿಯ ಚರ್ಮ ಮನುಷ್ಯರ ಚರ್ಮಕ್ಕಿಂತ ತೆಳು. ಕೂದಲು ಅದಕ್ಕೆ ಬಿಸಿಲಲ್ಲಿ ಕೊಡೆ, ಚಳಿಯಲ್ಲಿ ಕಂಬಳಿ. ಅದನ್ನು ಬೋಳಿಸಿದರೆ ತಂಪಾಗುವುದಿಲ್ಲ, ಸುಡುತ್ತದೆ. ಸುಟ್ಟ ಚರ್ಮದ ಮೂಲಕ ವಿಷ ಬೇಗ ಒಳಗಿಳಿಯುತ್ತದೆ. ನಾಯಿಯಂತೂ ಮೈ ನೆಕ್ಕಿಕೊಳ್ಳುವ ಪ್ರಾಣಿ, ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಸೀಮೆಎಣ್ಣೆ, ಗಾಡಿಯ ಸುಟ್ಟ ಆಯಿಲ್, ಫಿನೈಲ್, ಎಲ್ಲದರದೂ ಇದೇ ಕಥೆ.

"ಅವತ್ತೇ ಬಸ್ ಹತ್ತಿ ಕರ್ಕೊಂಡು ಬಂದಿದ್ರ ಉಳೀತಿತ್ತೇನ್ರಿ?" ಎಂದು ಸುಂದರಬಾಯಿ ಕೇಳಿದಳು.

ಕ್ಯಾರೊಲಿನ ಕಾಗದವನ್ನು ಮಡಿಚಿ ಡಬ್ಬಿಯೊಳಗಿಟ್ಟಳು. ಸುಳ್ಳು ಹೇಳಬಹುದಿತ್ತು. "ಉಳೀಬಹುದಿತ್ತು ಬಾಯಿ. ಮೊದಲ ತಾಸಿನಾಗ ಬರೀ ನೀರು ಹಾಕಿ ಮೈ ತೊಳದು, ನೆಕ್ಕಲಾರದಂಗ ನೋಡ್ಕೊಂಡು ತಂದಿದ್ರ."

ಅಷ್ಟರಲ್ಲಿ ಅಳ್ಳಿ ಬಂದು ಅವರ ಮುಂದೆ ಕೂತು ಹಿಂಗಾಲಿನಿಂದ ಕಂಕುಳು ಕೆರೆದುಕೊಳ್ಳತೊಡಗಿತು. ಕೆರೆತ ನಿಲ್ಲಲೇ ಇಲ್ಲ. ಕ್ಯಾರೊಲಿನ ಅದರ ಬೆನ್ನು ಮುಟ್ಟಿದಳು. ಕೂದಲು ಹಳೆಯ ಕಸಬರಿಗೆಯ ಹಾಗೆ ಒರಟು, ಬುಡದಲ್ಲಿ ಬಿಳಿ ಹೊಟ್ಟು. ಯಾವ ಸಾಬೂನು ಎಂದು ಕೇಳಿದಳು. ಬಟ್ಟೆ ಸಾಬೂನು ಎಂದಳು ಸುಂದರಬಾಯಿ. ಎಷ್ಟು ದಿನಕ್ಕೊಮ್ಮೆ ಎಂದರೆ, ದಿನ ಬಿಟ್ಟು ದಿನ. ಸುರ್ಮಿ ಸತ್ತ ಮೇಲೆ ಆ ಔಷಧದ ವಾಸನೆ ಮರಿಯ ಮೈಯಲ್ಲೂ ಇದೆ ಎಂದು ಅವಳಿಗೆ ಅನಿಸುತ್ತಿತ್ತು. ತಿಕ್ಕಿ ತಿಕ್ಕಿ ತೊಳೆದರೂ ಹೋಗುತ್ತಿರಲಿಲ್ಲ.

"ಸುರ್ಮಿಗಿ ಮಾಡಿದ್ದು ಅಳ್ಳಿ ಮೈಮ್ಯಾಲ ತೊಳೀಲತ್ತೀರಿ ನೀವು," ಎಂದಳು ಕ್ಯಾರೊಲಿನ. "ಅದು ಹಂಗ ಹೋಗಲ್ಲ. ಸಾಬೂನಕ ಇದರ ಚರ್ಮದಾಗಿನ ಎಣ್ಣಿ ಹೋಗಿ ಒಡೀಲತ್ತದ. ಐತಾರ ಇದ್ನ ತಗೊಂಡು ಬೀದರಿಗಿ ಬರ್ರಿ. ಈ ಸಲ ಬಸ್ ತಪ್ಪಸಬ್ಯಾಡ್ರಿ."

ಲಸಿಕೆ ಮುಗಿದ ಮರುದಿನವೇ ಹಣಮಂತಪ್ಪ ಹಿಂಡು ಹೊಡೆದುಕೊಂಡು ಮೇಯಿಸಲು ಔರಾದದ ಕಡೆ ಹೋಗಿದ್ದ. ಕೇಳಬೇಕಾದದ್ದು ಅತ್ತೆಯನ್ನು. ಸುಭದ್ರಾಬಾಯಿ ಕವಡೆಯಂಥ ಕಣ್ಣು ಮಾಡಿ ಸೊಸೆಯನ್ನೂ ನಾಯಿಯನ್ನೂ ನೋಡಿದಳು. ಅರವತ್ತು ವರ್ಷದಲ್ಲಿ ತಾನು ಒಂದೇ ಸಲ ಬೀದರಿಗೆ ದವಾಖಾನೆಗೆಂದು ಹೋದದ್ದು, ಅದೂ ಹಲ್ಲು ಕೀಳಿಸಲು ಎಂದು ನೆನಪಿಸಿದಳು. ಆದರೂ ಬೇಡವೆನ್ನಲಿಲ್ಲ.

ಭಾನುವಾರ ಬೆಳಿಗ್ಗೆ ಸುಂದರಬಾಯಿ ಅಳ್ಳಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು. ಭಾಲ್ಕಿಯಲ್ಲಿ ಬಸ್ಸು ಬದಲಿಸಿದಾಗ ಕಂಡಕ್ಟರ್ ಒಳಗೇನಿದೆ ಎಂದು ಕೇಳಿದ. ಕೂಸು ಎಂದಳು. ಅವನು ಬಗ್ಗಿ ನೋಡಿ, "ಕೂಸಿಗಿ ಬಾಲ ಬಂದಾದಲ್ಲ ಬಾಯಿ," ಎಂದು ಹಿಂದಿನ ಸೀಟು ತೋರಿಸಿದ.

ಬೀದರಿನ ಡಾಕ್ಟರು ಅಳ್ಳಿಯ ಚರ್ಮವನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು, ಬಂದ ಹೊಟ್ಟನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಕಜ್ಜಿಯ ಹುಳವಿಲ್ಲ, ಹುಟ್ಟಿನಿಂದಲೇ ನಾಜೂಕು ಚರ್ಮ, ತಾಯಿಯಿಂದ ಬಂದದ್ದು ಎಂದರು. ತಾಯಿಗೂ ಹೀಗೇ ಇದ್ದಿರಬೇಕು ಎಂದು ಅವರು ಸಹಜವಾಗಿ ಹೇಳಿದ ಮಾತು ಸುಂದರಬಾಯಿಗೆ ಸೂಜಿಯಂತೆ ಚುಚ್ಚಿತು. ಅಳ್ಳಿಯನ್ನು ತೂಗಿ, ಆ ತೂಕಕ್ಕೆ ತಕ್ಕ ಉಣ್ಣಿಯ ಔಷಧವನ್ನು ಕೊಟ್ಟು, ಮೀಸಿ ಎರಡು ದಿನವಾದ ಮೇಲೆ ಹೆಗಲ ನಡುವೆ ಕೂದಲು ಸರಿಸಿ ಹನಿ ಹಾಕಲು ಹೇಳಿದರು. ಬರೀ ಕೆಲವು ಹನಿ. ಅದು ನಾಯಿಗೆಂದೇ ಮಾಡಿದ್ದು, ನೆಕ್ಕಲು ಅದರ ಬಾಯಿ ಮುಟ್ಟದ ಜಾಗದಲ್ಲಿ ಹಾಕುವಂಥದ್ದು. ಇದನ್ನು ಯಾವಾಗ ಮತ್ತೆ ಹಾಕಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟರು. ನಾಯಿಯ ಶಾಂಪೂ, ನಾಯಿಯ ಕಂಡಿಷನರ್ ಎಂದೂ ಬರೆದರು.

ಮಧ್ಯಾಹ್ನ ಚರ್ಚು ಮುಗಿಸಿ ಬಂದ ಕ್ಯಾರೊಲಿನ ಇಬ್ಬರನ್ನೂ ನೌಬಾದದ ತನ್ನ ಮನೆಗೆ ಕರೆದೊಯ್ದಳು. ಭಾನುವಾರದ ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ, ಅಂಗಳದಲ್ಲಿ ನೀರು ತುಂಬಿದ ಬೋಗುಣಿ ಇಟ್ಟಳು. ಮೊದಲು ಬಾಚಣಿಗೆಯಿಂದ ಕೂದಲ ಗಂಟು ಬಿಡಿಸಿದಳು. ಒದ್ದೆಯಾದ ಮೇಲೆ ಗಂಟು ಬಿಗಿಯುತ್ತದೆ, ಎಳೆದರೆ ಚರ್ಮ ನೋಯುತ್ತದೆ. ನೀರು ಮೊಣಕೈಗೆ ಹಾಕಿ ನೋಡಿದಳು, ಕೂಸಿಗೆ ನೋಡುವ ಹಾಗೆ. ಉಗುರುಬೆಚ್ಚಗೆ ಸಾಕು. ಶಾಂಪೂವನ್ನು ನೀರಲ್ಲಿ ತೆಳು ಮಾಡಿ, ಉಗುರಿನಿಂದಲ್ಲ, ಬೆರಳ ತುದಿಯಿಂದ ತಿಕ್ಕಿದಳು. ಕಣ್ಣು ಕಿವಿಗೆ ನೀರು ಹೋಗಲು ಬಿಡಲಿಲ್ಲ.

ಅದನ್ನೆಲ್ಲ ತೊಳೆದು ತೆಗೆದ ಮೇಲೆ ಅವಳು ತಂದದ್ದು ಹಾಲಿನಂಥ ನೀರು. ಸಾದಾ ಓಟ್ಸನ್ನು ಮಿಕ್ಸಿಯಲ್ಲಿ ಹಿಟ್ಟು ಮಾಡಿ ಬೆಚ್ಚನೆ ನೀರಲ್ಲಿ ಕದಡಿದ್ದು. ಕಂಕುಳು, ಹೊಟ್ಟೆ, ತೊಡೆಯ ಸಂದಿಗೆ ಅದನ್ನು ಮೆಲ್ಲಗೆ ಹಾಕುತ್ತ ಹತ್ತು ನಿಮಿಷ ಕೂತಳು. ತುರಿಕೆಗೆ ಅದು ತಂಪು, ಚೂರು ನೆಕ್ಕಿದರೂ ಕೇಡಿಲ್ಲ. ಅಳ್ಳಿ ಮೊದಲು ಒದ್ದಾಡಿತು, ಆಮೇಲೆ ಕಣ್ಣು ಅರೆಮುಚ್ಚಿ ಸುಂದರಬಾಯಿಯ ಮಂಡಿಗೆ ಗದ್ದ ಊರಿತು. ತುಂಬ ದಿನಗಳ ಮೇಲೆ ಅದು ಕೆರೆದುಕೊಳ್ಳದೆ ಇದ್ದ ಹತ್ತು ನಿಮಿಷ ಅದು.

ಕೊನೆಗೆ ಕಂಡಿಷನರ್. ಅಂಗೈಯಲ್ಲಿ ಸ್ವಲ್ಪ ತೆಗೆದುಕೊಂಡು ಕುತ್ತಿಗೆಯಿಂದ ಬಾಲದ ಕಡೆಗೆ, ಕೂದಲು ಮಲಗುವ ದಿಕ್ಕಿಗೇ ಸವರಿದಳು. ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಕೈಗೆ ಜಾರುವುದು ಪೂರ್ತಿ ನಿಲ್ಲುವವರೆಗೆ ನೀರು ಹಾಕಿದಳು. ಚರ್ಮದಲ್ಲಿ ಉಳಿದ ಸಾಬೂನೇ ಎಷ್ಟೋ ತುರಿಕೆಗೆ ಕಾರಣ ಎಂದಳು. ಹಳೆಯ ಧೋತರದ ಬಟ್ಟೆಯಿಂದ ಉಜ್ಜದೆ ಒತ್ತಿ ಒತ್ತಿ ಒರೆಸಿ ನೆರಳಲ್ಲಿ ಬಿಟ್ಟಳು.

ಸುಂದರಬಾಯಿಗೆ ಸಂಶಯ ಬಂತು. "ಹೊಲ, ಮನಿ, ಕುರಿ. ಇಷ್ಟರಾಗ ಇದೆಲ್ಲ ಯಾವಾಗ ಮಾಡ್ಲಿರಿ?"

"ದಿನಾ ಬಿಟ್ಟು ದಿನಾ ತಿಕ್ಕಿ ತೊಳ್ಯಾಕ ಟೈಮ್ ಇತ್ತಲ್ಲ? ಇದು ತಿಂಗಳಿಗೊಮ್ಮಿ. ನಡುವ ಬರೀ ಬಾಚ್ರಿ. ಬಾಚಿದ್ರ ಚರ್ಮದಾಗಿನ ಎಣ್ಣಿ ತಾನೇ ಕೂದಲಿಗಿ ಬರ್ತದ. ಆಗಾಗ ಒಂದು ಬೇಯಿಸಿದ ತತ್ತಿ ಹಾಕ್ರಿ. ಕೆಂಪಾಯ್ತು, ಕೂದಲು ಉದುರ್ತು, ನಾರ್ತು ಅಂದ್ರ ಮನಿ ವೈದ್ಯ ಮಾಡಬ್ಯಾಡ್ರಿ, ನನಗ ಫೋನ್ ಮಾಡ್ರಿ."

ಊರಿಗೆ ಬಂದಾಗ ಸುಭದ್ರಾಬಾಯಿ ಬಾಟಲಿಗಳನ್ನು ತಿರುಗಿಸಿ ಮುರುಗಿಸಿ ನೋಡಿದಳು. ಈ ಮನೆಗೆ ಬಂದಾಗಿನಿಂದ ತನ್ನ ತಲೆಗೆ ಹಬ್ಬಕ್ಕೊಮ್ಮೆ ಸೀಗೆಕಾಯಿ ಕಂಡರೆ ಪುಣ್ಯ, ನಾಯಿಗೆ ಎರಡು ತರಹದ ಶೀಷೆ ಬಂದವು ಎಂದು ಓಣಿಗೆಲ್ಲ ಕೇಳುವಂತೆ ಹೇಳಿದಳು. ಅವಳ ಮಾತಲ್ಲಿ ಕುಹಕವಿತ್ತು, ಸುಳ್ಳಿರಲಿಲ್ಲ. ಆ ಮನೆಯಲ್ಲಿ ಗಂಡಸರು ಮಿಂದು ಉಳಿದ ನೀರಲ್ಲಿ ಹೆಂಗಸರು ಮೀಯುತ್ತಿದ್ದರು, ಗಂಡಸರು ಉಂಡು ಉಳಿದದ್ದನ್ನು ಹೆಂಗಸರು ಉಣ್ಣುತ್ತಿದ್ದರು, ಅದೂ ಮುಗಿದ ಮೇಲೆ ನಾಯಿಯ ಸರದಿ. ಬಜಾರದಲ್ಲಿ ಬೆಲೆ ಇದ್ದ ಕುರಿಗೆ ಅಳತೆ ಮಾಡಿದ ಔಷಧ. ಬೆಲೆ ಕಟ್ಟದ ನಾಯಿಗೆ ಡ್ರಮ್ಮಿನ ತಳದ ನೀರು. ತಳದಲ್ಲಿ ಏನಿದೆ ಎಂದು ಬಗ್ಗಿ ನೋಡುವ ಅಭ್ಯಾಸವೇ ಆ ಮನೆಗೆ ಇರಲಿಲ್ಲ.

ದಸರೆಯ ಹೊತ್ತಿಗೆ ಅಳ್ಳಿಯ ಮೈಯಲ್ಲಿ ಹೊಟ್ಟು ಉಳಿಯಲಿಲ್ಲ. ಕೂದಲು ತುಂಬಿ ಹೊಳೆಯಿತು. ಒಂದು ಮಧ್ಯಾಹ್ನ ಅದು ಸುಭದ್ರಾಬಾಯಿಯ ಪಕ್ಕ ಬಂದು ಮಲಗಿತು. ಮುದುಕಿ ಮೊದಲು ಕಾಲಿನಿಂದ ಸರಿಸಿದಳು. ಆಮೇಲೆ ಕೈ ಇಟ್ಟಳು. ಇಟ್ಟ ಕೈ ತೆಗೆಯಲಿಲ್ಲ.

"ಸುಂದ್ರಾ," ಎಂದಳು ತುಸು ಹೊತ್ತಿನ ಮೇಲೆ. "ನಾ ಈ ಮನ್ಯಾಗ ಮೂರು ನಾಯಿ ಹುಗದೀನಿ. ಮೂರೂ, ಕುರಿ ಅದ್ದಿದ ವಾರದಾಗೇ ಸತ್ತಾವ. ಮೂರಕೂ ದೃಷ್ಟಿ ಅಂದೆವು."

ಸುಂದರಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅತ್ತೆ ಅಳುತ್ತಿರಲಿಲ್ಲ. ನಾಯಿಯ ಬೆನ್ನ ಮೇಲಿನ ತನ್ನ ಕೈಯನ್ನೇ ನೋಡುತ್ತಿದ್ದಳು. ಅವತ್ತಿನಿಂದ ಅಳ್ಳಿಯ ಬಾಚಣಿಗೆ ಮುದುಕಿಯ ತಲೆದಿಂಬಿನ ಕೆಳಗೆ ಸೇರಿತು.

ಚಳಿ ಬೀಳುವ ಮೊದಲು ಹಿಂಡು ಮರಳಿತು. ಕತ್ತರಿಸುವ ದಿನ ಸುಭದ್ರಾಬಾಯಿ ಅಳ್ಳಿಯನ್ನು ಒಳಗೆ ಕಟ್ಟಿ ಬಾಗಿಲಿಗೆ ತಾನೇ ಅಡ್ಡ ಕೂತಳು. ಹಣಮಂತಪ್ಪ ಕೆಲಸದ ಗಡಿಬಿಡಿಯಲ್ಲಿ ಬಿಟ್ಟುಬಿಟ್ಟ. ಆದರೆ ಹತ್ತು ದಿನದ ಮೇಲೆ ಅದ್ದುವ ದಿನ ಬರುವುದಿತ್ತು. ಅದಕ್ಕೆ ಮೊದಲೇ ಸುಂದರಬಾಯಿ ಕ್ಯಾರೊಲಿನಳಿಗೆ ಫೋನ್ ಮಾಡಿ, ಬೀದರಿಗೆ ಹೋಗಿ ಅಳ್ಳಿಗೆ ಉಣ್ಣಿಯ ಹನಿ ಮತ್ತೆ ಹಾಕಿಸಿಕೊಂಡು ಬಂದಿದ್ದಳು.

ಓದುತ್ತಿರುವ, ಕೇಳುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯ ನಾಯಿಯ ಮೈಮೇಲೆ ಈಗ ಒಮ್ಮೆ ಕೈಯಾಡಿಸಿ. ಒರಟಾಗಿದ್ದರೆ, ಹೊಟ್ಟು ಉದುರುತ್ತಿದ್ದರೆ, ಕೆಂಪಾಗಿದ್ದರೆ ಅದು ನಿಮಗೆ ಏನೋ ಹೇಳುತ್ತಿದೆ. ಕುರಿಯ ಔಷಧ ಕುರಿಗೆ, ಬಟ್ಟೆಯ ಸಾಬೂನು ಬಟ್ಟೆಗೆ, ಕತ್ತರಿ ತುಪ್ಪಟಕ್ಕೆ ಇರಲಿ. ನಾಯಿಗೆ ಉಗುರುಬೆಚ್ಚನೆಯ ನೀರು, ನಾಯಿಯದೇ ಶಾಂಪೂ, ಬಾಚಣಿಗೆ, ನಿಮ್ಮ ಅರ್ಧ ತಾಸು ಸಾಕು. ಅದ್ದಿ ಉಳಿದ ನೀರನ್ನು ಬಾವಿ ಹಳ್ಳದಿಂದ ದೂರ ಗುಂಡಿ ತೋಡಿ ಸುರಿದು ಮಣ್ಣು ಮುಚ್ಚಿರಿ. ತಪ್ಪಿ ನಾಯಿಯ ಮೈಮೇಲೆ ಬಿದ್ದರೆ ಬರೀ ನೀರಲ್ಲಿ ತೊಳೆದು, ನೆಕ್ಕಲು ಬಿಡದೆ, ಅದೇ ತಾಸಿನಲ್ಲಿ ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ಔಷಧದ ಮೇಲೆ ನಿಮ್ಮ ಭಾಷೆ ಇಲ್ಲದಿದ್ದರೆ ಅಂಗಡಿಯವನನ್ನು ಓದಿ ಹೇಳೆಂದು ಕೇಳಿ, ಹೇಳದಿದ್ದರೆ ಕೊಳ್ಳಬೇಡಿ. ಮತ್ತು ಸುಂದರಬಾಯಿ ಮೇ ತಿಂಗಳಲ್ಲಿ ಆಡದೆ ನುಂಗಿದ ಮಾತನ್ನು ನೀವು ಸಮಯಕ್ಕೆ ಸರಿಯಾಗಿ ಆಡಿರಿ. ಅವಳು ಅದನ್ನು ಆಡಿದ್ದು ಹೀಗೆ.

ಅದ್ದುವ ದಿನ ಔರಾದದಿಂದ ಹಣಮಂತಪ್ಪನ ತಂಗಿಯ ಗಂಡ ಓಂಪ್ರಕಾಶನೂ ಕೈಜೋಡಿಸಲು ಬಂದಿದ್ದ. ಕೊನೆಯ ಕುರಿ ಮೈ ಕೊಡವಿ ಓಡಿದಾಗ ಡ್ರಮ್ಮಿನ ತಳದಲ್ಲಿ ಎರಡು ಬಕೆಟ್ ನೀರು ಉಳಿದಿತ್ತು. ಹಣಮಂತಪ್ಪ ಬಾಟಲಿಯನ್ನು ಅದರ ಮೇಲೆ ಬೋರಲು ಹಾಕಿ ಕೊನೆಯ ಹನಿಯವರೆಗೂ ಜಾಡಿಸಿದ. ನಾಯಿಯನ್ನು ಹಾಗೇ ಬಿಟ್ಟರೆ ಅದರ ಮೈಮೇಲಿನ ಉಣ್ಣಿ ಮತ್ತೆ ಕುರಿಗೆ ಏರುತ್ತದೆ ಎಂದು ಓಂಪ್ರಕಾಶ ನೆನಪಿಸಿದ. ಅಳ್ಳಿಗೆ ಡಾಕ್ಟರು ಔಷಧ ಹಾಕಿದ್ದಾರೆ, ಬೇಕಾದರೆ ಕೂದಲು ಸರಿಸಿ ಹುಡುಕಿ, ಒಂದು ಉಣ್ಣಿ ಸಿಕ್ಕರೆ ಹೇಳಿ ಎಂದಳು ಸುಂದರಬಾಯಿ. ಓಂಪ್ರಕಾಶ ನಕ್ಕು, ಬಾವ, ನಿಮ್ಮ ಮನೆಯಲ್ಲಿ ನಾಯಿಗೂ ಡಾಕ್ಟರು ಬಂದರು ಎಂದ. ಬಾಗಿಲಲ್ಲಿ ಕೂತಿದ್ದ ಸುಭದ್ರಾಬಾಯಿ ನಗಲಿಲ್ಲ.

ತಂಗಿಯ ಗಂಡನ ಮುಂದೆ ಹಣಮಂತಪ್ಪನ ಮುಖ ಕಪ್ಪಾಯಿತು. ಅವನು ಬಕೆಟ್ ತುಂಬಿದ. ಔಷಧದ ವಾಸನೆ ಗಾಳಿಯಲ್ಲಿ ಬಂತು. ಅಳ್ಳಿ ಬೇಲಿಯ ಕಡೆ ಓಡಲಿಲ್ಲ. ಸುಂದರಬಾಯಿಯ ಕಾಲಿಗೆ ಬಂದು ಒತ್ತಿ ನಿಂತು, ತಲೆ ಎತ್ತಿ ಅವಳ ಮುಖ ನೋಡಿತು.

ಹಣಮಂತಪ್ಪ ಬಕೆಟ್ ಹೆಂಡತಿಯ ಕಡೆ ಚಾಚಿದ.

"ಹಿಡಿ, ನೀನೇ ಹಾಕ. ನಿನ್ನ ಕೈಗಿ ಆದ್ರ ಸುಮ್ಮ ನಿಂದರ್ತದ."

ಸುಂದರಬಾಯಿ ಕೈ ಚಾಚಲಿಲ್ಲ.

"ಹೌದ್ರಿ, ನನ್ನ ಕೈಗಿ ಸುಮ್ಮ ನಿಂದರ್ತದ," ಎಂದಳು. "ಅದಕ್ಕೇ ಹಾಕಲ್ರಿ."